ಅವ್ವನ ಕೈಯ ಹುಳಿ

ಗಂಗಾವತಿಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರ ದಾರಿಯಲ್ಲಿ ಈಗ ಅಂಬಲಿ ಗಾಡಿ ನಿಲ್ಲುತ್ತದೆ. ಟ್ರ್ಯಾಕ್ ಪ್ಯಾಂಟು ಹಾಕಿಕೊಂಡವರು ಅದರ ಸುತ್ತ ನಿಂತು, ಸ್ಟೀಲ್ ಲೋಟದಲ್ಲಿ ಜೋಳದ ಅಂಬಲಿ ಕುಡಿದು, ಹೊಟ್ಟೆ ಸವರಿಕೊಳ್ಳುತ್ತ, ಹುಳಿ ಬಂದ ಪದಾರ್ಥ ಕರುಳಿಗೆ ಎಷ್ಟು ಒಳ್ಳೆಯದು ಎಂದು ಒಬ್ಬರಿಗೊಬ್ಬರು ಪಾಠ ಹೇಳುತ್ತಾರೆ. ಮೊಬೈಲ್ ತೆಗೆದರೆ ಅಲ್ಲೂ ಅದೇ ಪಾಠ. ಮೊಸರು ತಿನ್ನಿರಿ, ಮಜ್ಜಿಗೆ ಕುಡಿಯಿರಿ, ತಂಗಳನ್ನ ಉಣ್ಣಿರಿ. ಹೇಳುವವರೆಲ್ಲ ನಗುನಗುತ್ತ ಹೇಳುತ್ತಾರೆ. ಹೋದ ವರ್ಷದವರೆಗೂ ನಾನು ಆ ಗಾಡಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಿದ್ದೆ. ಹುಳಿ ವಾಸನೆ ಮೂಗಿಗೆ ಬಂದರೆ ಸಾಕು, ಗೋಡೆಗೆ ತಂಬಿಗೆ ಬಡಿದ ಸದ್ದು ಕಿವಿಯಲ್ಲಿ ಕೇಳಿಸುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ಕುಷ್ಟಗಿಯಲ್ಲಿ. ಅಪ್ಪನದು ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರಿನ ಟ್ರೇಲರಿಗೆ ಕೊಂಡಿ ಕೂಡಿಸುವುದು, ಮುರಿದ ಕುಂಟೆ ಜೋಡಿಸುವುದು, ಹೊಸ ಮನೆಗಳಿಗೆ ಗೇಟು ಮಾಡುವುದು. ಊರವರಿಗೆ ಅಪ್ಪ ಬಲು ಒಳ್ಳೆಯ ಮನುಷ್ಯ. ಅವನು ಬೆಸೆದದ್ದು ಮತ್ತೆ ಬಿಡುವುದಿಲ್ಲ ಎಂದು ಹೊಗಳುತ್ತಿದ್ದರು. ಆ ಕೈ ಮನೆಗೆ ಬಂದ ಮೇಲೆ ಏನು ಮಾಡುತ್ತದೆ ಎಂಬುದು ಓಣಿಗೆ ಗೊತ್ತಿತ್ತು, ಆದರೆ ಯಾರೂ ಕೇಳುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದವನಿಗೆ ಮೊದಲು ಒಂದು ತಂಬಿಗೆ ಮಜ್ಜಿಗೆ ಬೇಕು. ಬೆಂಕಿ, ಹೊಗೆಯಲ್ಲಿ ಒಣಗಿದ ಗಂಟಲಿಗೆ ಮಜ್ಜಿಗೆ ಬೀಳದೆ ಅವನು ತಾಟಿನ ಮುಂದೆ ಕೂಡುತ್ತಿರಲಿಲ್ಲ. ಅವನು ತಂಬಿಗೆ ಎತ್ತಿ ಬಾಯಿಗಿಟ್ಟಾಗ ಅವ್ವ, ನಾನು ಇಬ್ಬರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಮಜ್ಜಿಗೆ ಸಿಹಿ ಇದ್ದರೆ ಊಟ, ಹುಳಿ ಇದ್ದರೆ ಹೊಡೆತ. ನಮ್ಮ ಮನೆಯಲ್ಲಿ ಹುಳಿ ಎಂದರೆ ಒಂದು ರುಚಿ ಎಂದು ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ.

"ಎಮ್ಮಿನೂ ಮೂಸಿ ನೋಡಂಗಿಲ್ಲ ಇದನ್ನ! ನಿನ್ನ ಕೈಯಾಗ ಹಾಲು ಕೊಟ್ರ ವಿಷ ಆಕ್ಕೈತಿ!" ಎಂದು ಒದರುತ್ತ ತಂಬಿಗೆ ಎಸೆಯುತ್ತಿದ್ದ. ಹಿತ್ತಾಳೆಯ ತಂಬಿಗೆ. ಒಮ್ಮೊಮ್ಮೆ ಗೋಡೆಗೆ, ಒಮ್ಮೊಮ್ಮೆ ಅವ್ವನಿಗೆ. ಅವಳ ಎಡ ಹುಬ್ಬಿನ ಮೇಲಿನ ಗಾಯದ ಗುರುತು ಆ ತಂಬಿಗೆಯದೇ. ಅಂದು ನೆಲದ ಮೇಲೆ ಬಿಳಿ ಮಜ್ಜಿಗೆಯಲ್ಲಿ ಕೆಂಪು ರಕ್ತ ಎಳೆಎಳೆಯಾಗಿ ಹರಿದಿತ್ತು. ನಾನು ಅರಿವೆ ತಂದು ಒರೆಸಿದೆ. ಆಮೇಲೆ ಅವ್ವನ ಕೂದಲು ಹಿಡಿದು ಬೆನ್ನಿಗೆ ಎರಡು ಗುದ್ದಿ, ಅಪ್ಪ ಕೈ ತೊಳೆದುಕೊಂಡು ಊಟಕ್ಕೆ ಕೂತ. ಅವ್ವ ಸೆರಗನ್ನು ಹುಬ್ಬಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬಿಸಿ ರೊಟ್ಟಿ ನೀಡಿದಳು. "ಪಲ್ಲೆ ಛಲೋ ಆಗೇತಿ" ಎಂದ ಅಪ್ಪ.

ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟಿತ್ತೋ ಅವ್ವನ ಮೇಲೂ ಅಷ್ಟೇ ಸಿಟ್ಟಿತ್ತು. ಹೆಪ್ಪು ಹಾಕುವುದೇನು ದೊಡ್ಡ ವಿದ್ಯೆಯೇ? ಹಾಲು ಕಾಯಿಸಿ, ಆರಿಸಿ, ಒಂದು ಚಮಚ ಮಜ್ಜಿಗೆ ಹಾಕಿ ಮುಚ್ಚಿಡುವುದು. ಓಣಿಯ ಹೆಂಗಸರೆಲ್ಲ ಮಾಡುತ್ತಾರೆ. ಅವ್ವ ಯಲಬುರ್ಗಾ ಕಡೆಯ ತಳಕಲ್ಲಿನವಳು. ಅವಳು ಬಡಿದ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ, ಅವಳು ಕುಟ್ಟಿದ ಕೆಂಪು ಮೆಣಸಿನಕಾಯಿಯ ರಂಜಕ ನೆನೆದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ. ಮೊಸರು ಮಾತ್ರ ಕೆಡುತ್ತಿತ್ತು. ಓಣಿಯಲ್ಲಿ ಇದು ನಗೆಯ ಮಾತಾಗಿತ್ತು. ಯಾರ ಮನೆಯಲ್ಲಾದರೂ ಕಾರ್ಯ ಇದ್ದರೆ, ಹೆಪ್ಪು ಹಾಕುವ ಹೊತ್ತಿಗೆ, "ಆಕಿ ಕೈಗುಣನ ಹುಳಿ ಐತಿ, ಆಕಿನ್ನ ಉಳ್ಳಾಗಡ್ಡಿ ಹೆಚ್ಚಾಕ ಕೂಡಸ್ರಿ" ಎಂದು ಎದುರಿಗೇ ಅನ್ನುತ್ತಿದ್ದರು. ಅವ್ವ ನಕ್ಕು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ನನಗೆ ನಾಚಿಕೆಯಿಂದ ಮೈ ಉರಿಯುತ್ತಿತ್ತು.

ನಮ್ಮ ಬಾಜೂ ಮನೆಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಓಣಿಗೆ ಹಾಲು ಹಾಕುವ ಒಬ್ಬಾಕೆ ಇದ್ದಳು. ಎಲ್ಲರಿಗೂ ಅವಳು ಖಾಲಾ. ಕೆಲವು ದಿನ ಮಜ್ಜಿಗೆ ಸಿಹಿಯಾಗಿರುತ್ತಿತ್ತು. ಆಗ ಅವ್ವ, "ಖಾಲಾ ಮಸರು ಕೊಟ್ಟಾಳ" ಎನ್ನುತ್ತಿದ್ದಳು. ಅಪ್ಪ ತಂಬಿಗೆ ಬರಿದು ಮಾಡಿ ಮೀಸೆ ಒರೆಸಿಕೊಂಡು, "ಮಸರು ಅಂದ್ರ ಇದು. ಹೋಗಿ ಕಲಕೊಂಡು ಬಾ" ಎನ್ನುತ್ತಿದ್ದ. ಅವ್ವ ತಲೆ ತಗ್ಗಿಸಿ "ಹೂಂ" ಅನ್ನುತ್ತಿದ್ದಳು. ಒಮ್ಮೆ ನಾನೇ ರೇಗಿ, "ದಿನಾ ಖಾಲಾನ ಕಡೇನ ಇಸಗೊಂಡು ಬಾ. ನೀ ಯಾಕ ಹೆಪ್ಪು ಹಾಕ್ತಿ?" ಎಂದು ಕೇಳಿದೆ. "ಮಂದಿ ಮನ್ಯಾಗ ದಿನಾ ಕೇಳಾಕ ಆಕ್ಕೈತೇನವ್ವ" ಎಂದು ಹೇಳಿ ಅವ್ವ ಮಾತು ಮುಗಿಸಿದಳು.

ಒಂದು ಹುಣ್ಣಿಮೆಗೆ ಅವ್ವ ಓಣಿಯ ಹೆಂಗಸರ ಜೊತೆ ಹುಲಿಗಿಗೆ ದೇವಿಯ ದರ್ಶನಕ್ಕೆ ಹೋಗಿದ್ದಳು. ನಾನಾಗ ಹೈಸ್ಕೂಲಿನಲ್ಲಿದ್ದೆ. ಮಧ್ಯಾಹ್ನ ಅಪ್ಪ ಬಂದ. ಚಪ್ಪಲಿ ಬಾಗಿಲಿಗೆ ಬಡಿದ ರೀತಿಯಲ್ಲೇ ತಿಳಿಯಿತು, ಅಂಗಡಿಯಲ್ಲಿ ಏನೋ ಆಗಿದೆ, ಕುದಿಯುತ್ತಿದ್ದಾನೆ. ನಾನು ಹೆದರಿ, ಜಂತಿಗೆ ತೂಗುಹಾಕಿದ ನೆಲುವಿನ ಮೇಲಿದ್ದ ಗಡಿಗೆಯಿಂದ ಖಾಲಾನ ಮೊಸರು ತೆಗೆದು, ಕಡೆದು, ಜೀರಿಗೆ, ಉಪ್ಪು ಹಾಕಿ ಕೊಟ್ಟೆ. ಪೂರ್ತಿ ಕುಡಿದ. ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ನಾನು ಉಳಿದೆ ಅಂದುಕೊಂಡೆ. ಅವನ ಕಣ್ಣು ಮನೆಯ ತುಂಬ ತಿರುಗಿತು. ಗೋಡೆ, ನೀರಿನ ಕೊಡ, ಒಲೆ ಎಲ್ಲ ನೋಡಿ ನನ್ನ ಮೇಲೆ ನಿಂತಿತು. ನನ್ನ ಜಡೆ ಬಿಚ್ಚಿತ್ತು. "ಕೂದ್ಲ ಬಿಟ್ಕೊಂಡು ಯಾರಿಗಿ ತೋರಸಾಕ ನಿಂತಿ?" ಎಂದವನೇ ಸೊಂಟದ ಬೆಲ್ಟು ಬಿಚ್ಚಿದ.

ಬೆಲ್ಟಿನ ಕೊಂಡಿ ಬೆನ್ನಿಗೆ ಹೇಗೆ ಹತ್ತುತ್ತದೆ ಎಂದು ತಿಂದವರಿಗಷ್ಟೇ ಗೊತ್ತು. ಮೊದಲು ಬಿಸಿ, ಆಮೇಲೆ ಉರಿ, ಕೊನೆಗೆ ಬರೀ ಸದ್ದು. ನಾನು ಒಲೆಯ ಮೂಲೆಗೆ ತಲೆ ತುರುಕಿಕೊಂಡು ಬಿದ್ದಿದ್ದೆ. ಅವನ ತೋಳು ಸೋಲುವವರೆಗೆ ಹೊಡೆದ.

ಸಂಜೆ ಅವ್ವ ಕುಂಕುಮ, ತೆಂಗಿನಕಾಯಿ ಹೋಳು ಹಿಡಿದು ಬಂದಳು. ನನ್ನ ಜಂಪರ್ ಎತ್ತಿ ಬೆನ್ನು ನೋಡಿದಳು. ಬಿಳುಚಿಕೊಂಡಳು. ಅವಳು ಕೇಳಿದ ಮೊದಲ ಮಾತು ಇದು: "ಯಾವ ಮಜ್ಜಿಗಿ ಕೊಟ್ಟಿ?" "ಖಾಲಾಂದು" ಅಂದೆ. ಅವ್ವ ಹಣೆ ಹಣೆ ಬಡಿದುಕೊಂಡಳು. ಮಗಳ ಬೆನ್ನಿನ ಚರ್ಮ ಸುಲಿದಿದೆ, ಇವಳಿಗೆ ಮಜ್ಜಿಗೆಯ ಚಿಂತೆ ಎಂದು ನನಗೆ ಹೇಸಿಗೆಯಾಯಿತು. ಅವಳು ಹಚ್ಚಲು ಬಂದ ಎಣ್ಣೆಯ ಕೈಯನ್ನು ನಾನು ದೂಡಿಬಿಟ್ಟೆ. ಅಂದಿನಿಂದ ಮೊಸರು, ಮಜ್ಜಿಗೆ ನನ್ನ ಗಂಟಲಲ್ಲಿ ಇಳಿಯುವುದು ನಿಂತಿತು.

ಗಂಗಾವತಿಗೆ ಮದುವೆಯಾಗಿ ಬಂದೆ. ನಮ್ಮನೆಯವರು ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ಅವರು ಧ್ವನಿ ಏರಿಸಿದ್ದನ್ನು ನಾನು ಈವರೆಗೆ ಕೇಳಿಲ್ಲ, ಏರಿಸುವವಳು ನಾನೇ. ಇಲ್ಲಿ ಮೂರು ಹೊತ್ತೂ ಅನ್ನ. ಸಾರು ಉಂಡು, ಕೊನೆಗೆ ಮಜ್ಜಿಗೆ ಮುಟ್ಟದೆ ಕೈ ತೊಳೆಯುತ್ತಿದ್ದೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಜಂಪರ್ ಹೊಲಿಯುತ್ತ ಚೆನ್ನಾಗಿಯೇ ಇದ್ದೆ.

ಹೋದ ವರ್ಷ ಟೈಫಾಯಿಡ್ ಬಂತು. ಗುಳಿಗೆ, ಇಂಜೆಕ್ಷನ್ನು, ಜ್ವರ ತಿರುಗಿ ಬಂತೆಂದು ಮತ್ತೆ ಬೇರೆ ಗುಳಿಗೆ. ಜ್ವರವೇನೋ ಹೋಯಿತು, ಹೊಟ್ಟೆ ಕೆಟ್ಟು ಹಾಳಾಯಿತು. ಏನು ತಿಂದರೂ ನಿಲ್ಲದು. ಮಷಿನ್ ಮೇಲೆ ಕೂತರೆ ಒಂದು ತೋಳು ಹೊಲಿಯುವಷ್ಟರಲ್ಲಿ ಎದ್ದು ಓಡಬೇಕು. ನನ್ನ ಜಂಪರುಗಳನ್ನು ನಾನೇ ಬಿಚ್ಚಿ ಚಿಕ್ಕದು ಮಾಡಿಕೊಂಡೆ, ಸ್ವಲ್ಪ ದಿನಕ್ಕೆ ಮತ್ತೆ ಬಿಚ್ಚಿದೆ. ಹೊಲಿಗೆಯೊಳಗೆ ಮಡಚಿಟ್ಟ ಬಟ್ಟೆಯೇ ನನ್ನ ಮೈಗಿಂತ ದಪ್ಪವಾಯಿತು.

ಕೊಪ್ಪಳದ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ ಹೇಳಿದರು: "ಈ ಗುಳಿಗಿ ಇನ್ನ ಸಾಕು ಮಾಡೋಣ್ರಿ. ಕೆಟ್ಟ ಕ್ರಿಮಿ ಜೊತಿಗೆ ಹೊಟ್ಟ್ಯಾಗಿನ ಒಳ್ಳೇವೂ ಸತ್ತಾವ. ಇನ್ನ ಊಟಾನ ನೋಡ್ಕೋಬೇಕು. ಮನ್ಯಾಗ ಮಾಡಿದ ಮಸರು, ಮಜ್ಜಿಗಿ, ಅಂಬಲಿ, ಮೆತ್ತಗಿನ ಅನ್ನ, ಸ್ವಲ್ಪ ಸ್ವಲ್ಪ ಚಾಲೂ ಮಾಡ್ರಿ."

"ನನಗ ಹುಳಿ ಸೇರಂಗಿಲ್ರಿ" ಅಂದೆ.

"ಸೇರಿಸ್ಕೋಬೇಕ್ರಿ. ಇನ್ನೊಂದಿಷ್ಟು ತೂಕ ಇಳಿದ್ರ ಅಡ್ಮಿಟ್ ಮಾಡ್ಕೊಂಡು ಸಲೈನ್ ಹಚ್ಚಬೇಕಾಗ್ತೈತಿ. ಮೈಯಾಗ ಏನೂ ಉಳಿದಿಲ್ಲ ನಿಮಗ."

ನಮ್ಮನೆಯವರು ಮಿಲ್ಲಿಗೆ ಹೋದರೆ ನನಗೆ ಮಾಡಿ ಹಾಕುವವರು ಯಾರೂ ಇಲ್ಲ. ಅವ್ವನನ್ನು ಕಳಿಸಲು ಅಪ್ಪ ಒಪ್ಪುವುದಿಲ್ಲ. ತಾವರಗೇರಾ ಹಾದು ಹೋಗುವ ಬಸ್ಸಿನಲ್ಲಿ ನನ್ನನ್ನು ಕುಷ್ಟಗಿಗೆ ಬಿಟ್ಟು ಹೋದರು. ಹುಳಿ ಹುಟ್ಟಿದ ಮನೆಗೇ ಹುಳಿ ಕುಡಿಯಲು ಬಂದೆ. ನನ್ನ ದೈವ ನೋಡಿ ನಗು ಬಂತು.

ಅಪ್ಪ ಮುದುಕನಾಗಿದ್ದ, ಅವನ ಕೈಗೆ ಮುಪ್ಪು ಬಂದಿರಲಿಲ್ಲ. ಅಂಗಡಿಯಲ್ಲಿ ಆಳು ಇಟ್ಟುಕೊಂಡಿದ್ದರೂ ಕೊಂಡಿಯ ಕೆಲಸ ಈಗಲೂ ಅವನದೇ. ಅವ್ವನ ಮುಂಗೈಯಲ್ಲಿ ಬಳೆ ಒಡೆದು ಚುಚ್ಚಿದ ಹೊಸ ಗಾಯವಿತ್ತು. ನಾನು ನೋಡಿದೆ, ಅವಳು ಸೆರಗಿನಿಂದ ಮುಚ್ಚಿಕೊಂಡಳು.

ಅವ್ವ ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ನೆನೆಸಿಟ್ಟು, ಹುಳಿ ಬಂದ ಮೇಲೆ ಕುದಿಸಿ, ಆರಿಸಿ, ತೆಳ್ಳಗೆ ಅಂಬಲಿ ಮಾಡಿ ತಂದಳು. ವಾಸನೆ ಬಂದದ್ದೇ ತಡ, ಕಾರಿದೆ. ಬೆಳ್ಳುಳ್ಳಿ ಒಗ್ಗರಣೆ ಹಾಕಿ ತಂದಳು, ಕಾರಿದೆ. ಮೂಗು ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು, ಅವಳ ಮೈಮೇಲೆಯೇ ಕಾರಿದೆ. ದಿನ ಹೋದಂತೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಸಾಯುತ್ತೇನೆ ಎಂಬ ಹೆದರಿಕೆ ಆಗ ಮೊದಲ ಸಲ ನಿಜವಾಗಿ ಬಂತು. ಅಪ್ಪ ಹೊರಗಿನಿಂದಲೇ, "ಗಂಡನ ಮನ್ಯಾಗ ಸಾಯೋದು ಬಿಟ್ಟು ಇಲ್ಲಿಗಿ ಬಂದಾಳ" ಎಂದ.

ಒಂದು ಮಧ್ಯಾಹ್ನ ಚಪ್ಪಲಿ ಬಾಗಿಲಿಗೆ ಬಡಿದ ಸದ್ದಿಗೆ ನಾನು ಮಲಗಿದ್ದಲ್ಲೇ ಮುದುಡಿಕೊಂಡೆ. ಇಷ್ಟು ವರ್ಷವಾದರೂ ಮೈಗೆ ಆ ಸದ್ದು ಮರೆತಿರಲಿಲ್ಲ. ಅಪ್ಪ ಬೆಸೆದ ಕೊಂಡಿ ರಸ್ತೆಯಲ್ಲಿ ಕಿತ್ತು ಬಂದು ಒಬ್ಬನ ಟ್ರೇಲರು ಮಗುಚಿತ್ತಂತೆ. ಅವನು ಅಂಗಡಿಯ ಮುಂದೆ ಹತ್ತು ಮಂದಿಯ ಎದುರು ಬೈದು ಹೋಗಿದ್ದ. ಅದನ್ನೆಲ್ಲ ಒದರುತ್ತಲೇ ಅಪ್ಪ ಒಳಗೆ ಬಂದ. "ಇನ್ನೂ ಬಿದ್ದಾಳೇನ ಈಕಿ? ಎಬ್ಬಸು! ಉಂಡು ಉಂಡು ಕಾರಿ ಮನಿ ನಾರಾಕತ್ತೈತಿ!"

ಅವ್ವ ಲಗುಬಗೆಯಿಂದ ಅಡುಗೆ ಮನೆಗೆ ಹೋದಳು. ನಾನು ಗೋಡೆ ಹಿಡಿದುಕೊಂಡು ಅವಳ ಹಿಂದೆ ಹೋದೆ. ನೆಲುವಿನ ಮೇಲಿನ ಗಡಿಗೆ ಅಲ್ಲೇ ತೂಗುತ್ತಿತ್ತು. ಅವ್ವ ಅದರ ಕಡೆ ನೋಡಲೂ ಇಲ್ಲ. ಗ್ಯಾಸಿನ ಬದಿಗೆ ಹಿಟ್ಟಿನ ಡಬ್ಬಿ ಸರಿಸಿ, ಅದರ ಹಿಂದಿನಿಂದ ಒಂದು ಸಣ್ಣ ಗಡಿಗೆ ಎಳೆದಳು. ಮುಚ್ಚಳ ತೆಗೆದದ್ದೇ ಆ ಹುಳಿ ವಾಸನೆ ನನಗೆ ಬಡಿಯಿತು. ಅವ್ವ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು, ಸಾರಿಗೆ ಉಪ್ಪು ಸರಿಯಾಯಿತು ಎನ್ನುವಂತೆ ತಲೆಯಾಡಿಸಿ, ತಂಬಿಗೆಗೆ ಸುರಿದಳು.

"ಅವ್ವಾ, ಅದು ಹುಳಿ ಐತಿ."

"ಗೊತ್ತೈತಿ. ಹೋಗಿ ಮಲಕ್ಕೊ."

"ಮ್ಯಾಲಿಂದು ಕೊಡು. ಖಾಲಾನ ಮಸರು ಐತಲ್ಲ."

ಅವ್ವ ನನ್ನ ಮುಖ ನೋಡಿದಳು. ಪಿಸುಮಾತಿನಲ್ಲಿ ಹೇಳಿದಳು: "ಖಾಲಾ ಎಂದ ಮಸರು ಕೊಟ್ಟಾಳ? ಆಕಿ ಹಾಲು ಅಷ್ಟ ಕೊಡ್ತಾಳ. ಮ್ಯಾಲಿಂದೂ ನಂದ, ಇದೂ ನಂದ. ನಿಮ್ಮಪ್ಪಗ ಹೊಡಿಯಾಕ ಒಂದು ನೆಪ ಬೇಕವ್ವ. ನೆಪ ಸಿಗಲಿಲ್ಲಂದ್ರ ಮನಿ ತುಂಬ ಹುಡಕತಾನ. ಹುಡುಕಿದ್ರ ನೀನ ಸಿಗ್ತಿದ್ದಿ. ಮಜ್ಜಿಗಿ ಹುಳಿ ಇದ್ರ ನನಗ ಎರಡು ಬಿದ್ದು ಮುಗೀತೈತಿ. ಈಗ ನಿನ್ನ ಮೈ ಒಂದು ಏಟು ತಡಿಯಂಗಿಲ್ಲ. ಹೋಗು."

ಹುಲಿಗಿಯ ಆ ಹುಣ್ಣಿಮೆ ನನ್ನ ಕಣ್ಣ ಮುಂದೆ ಬಂತು. ಯಾವ ಮಜ್ಜಿಗಿ ಕೊಟ್ಟಿ ಎಂದು ಅವಳು ಯಾಕೆ ಕೇಳಿದಳು, ಯಾಕೆ ಹಣೆ ಬಡಿದುಕೊಂಡಳು ಎಲ್ಲ ತಿಳಿಯಿತು. ಅವಳಿಗೆ ಚೆನ್ನಾಗಿ ಹೆಪ್ಪು ಹಾಕಲು ಬರುತ್ತದೆ ಎಂದು ಅಪ್ಪನಿಗೆ ತಿಳಿದರೆ ಹುಳಿ ಬೇಕೆಂದೇ ಮಾಡಿದ್ದು ಎಂದೂ ತಿಳಿಯುತ್ತದೆ. ಅದಕ್ಕಾಗಿ ಓಣಿಯ ಮುಂದೆ ಕೈಲಾಗದವಳು ಎನಿಸಿಕೊಂಡು, ಅವರಿವರ ಕಾರ್ಯದಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತ ಕೂತಳು. ಸಿಟ್ಟು ನನ್ನ ಅಂಗಾಲಿನಿಂದ ಏರಿತು. ಅಷ್ಟು ಸಿಟ್ಟು ಎಲ್ಲಿಂದ ಬಂತು ಎಂದರೆ, ನಾನೂ ಅವನ ಮಗಳೇ.

ಅವ್ವನ ಕೈಯಿಂದ ತಂಬಿಗೆ ಕಸಿದುಕೊಂಡು ಪಡಸಾಲೆಗೆ ನಡೆದೆ. ಅಪ್ಪನ ಎದುರಿಗೆ ನಿಂತೆ. ಅವನು ಕೈ ಚಾಚಿದ. ನಾನು ಕೊಡಲಿಲ್ಲ. ಅವನನ್ನೇ ನೋಡುತ್ತ ತಂಬಿಗೆಯನ್ನು ನನ್ನ ಬಾಯಿಗೆ ಎತ್ತಿ ಕುಡಿದೆ. ಹಲ್ಲು ಚುಳ್ಳೆಂದವು, ಕಣ್ಣಲ್ಲಿ ನೀರು ಬಂತು, ಗಂಟಲು ತಿರುಗಿ ಬಂತು. ನುಂಗಿದೆ. ಪೂರ್ತಿ ನುಂಗಿ ತಂಬಿಗೆ ಬೋರಲು ಹಿಡಿದು ತೋರಿಸಿದೆ.

"ಮಜ್ಜಿಗಿ ಛಲೋ ಐತಿ. ಇನ್ನ ಯಾವ ನೆಪಕ್ಕ ಹೊಡಿತಿ, ಹೊಡಿ."

ಹೊಡೆದ. ಕಿವಿಯ ಮೇಲೆ ಬಿದ್ದ ಏಟಿಗೆ ನಾನು ಗೋಡೆಗೆ ಹೋಗಿ ಬಡಿದೆ. ತಲೆಯೊಳಗೆ ಗುಂಯ್ ಎಂದಿತು. ಎರಡನೆಯ ಸಲ ಕೈ ಎತ್ತಿದ್ದು ಕಂಡಿತು. ನನ್ನ ಕೈಯಲ್ಲಿ ತಂಬಿಗೆ ಇತ್ತು. ಇದ್ದ ಬಲವನ್ನೆಲ್ಲ ಹಾಕಿ ಬೀಸಿದೆ. ಅವನ ಮಣಿಕಟ್ಟಿಗೆ ಹತ್ತಿತು. ಎಲುಬಿನ ಸದ್ದು ನನಗೂ ಕೇಳಿಸಿತು. ಅಪ್ಪ ಚೀರಿ ಕೈ ಹಿಡಿದುಕೊಂಡು ಕುಸಿದ. ಇನ್ನೊಮ್ಮೆ ಬೀಸಿದೆ. ಅದು ಅವನ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ಬಿತ್ತು, ಸುಣ್ಣದ ಹಕ್ಕಳಿಕೆ ಉದುರಿ ಅವನ ತಲೆಯ ಮೇಲೆ ಬಿತ್ತು. ಮತ್ತೆ ಎತ್ತುವಷ್ಟರಲ್ಲಿ ಅವ್ವ ಹಿಂದಿನಿಂದ ಬಂದು ನನ್ನನ್ನು ಅಪ್ಪಿ ಹಿಡಿದಳು. "ಸಾಕು, ನನ್ನವ್ವ, ಸಾಕು ಬಿಡು" ಎಂದು ಅಳುತ್ತಿದ್ದಳು.

ಅಪ್ಪ ಕೂತಲ್ಲಿಂದ ನನ್ನನ್ನು ನೋಡಿದ. ಆ ಕಣ್ಣಲ್ಲಿ ಹೆದರಿಕೆ ಇತ್ತು. ನನಗೆ ಹಿಗ್ಗಾಯಿತು. ಈಗಲೂ ನೆನೆದರೆ ಹಿಗ್ಗಾಗುತ್ತದೆ, ಅದಕ್ಕೆ ಯಾರು ಏನಾದರೂ ಅಂದುಕೊಳ್ಳಲಿ.

ಅವ್ವ ಅರಿಶಿನ, ಸುಣ್ಣ ಕಲಸಿ ಅವನ ಮಣಿಕಟ್ಟಿಗೆ ಹಚ್ಚಿ ಅರಿವೆ ಸುತ್ತಿದಳು. ಅದು ಕಂಡು ನನಗೆ ಮೈಯೆಲ್ಲ ಉರಿಯಿತು, ಆದರೆ ಅವಳನ್ನು ಬೈಯಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಗಲಾಟೆ ಕೇಳಿ ಖಾಲಾ ಓಡಿ ಬಂದು ಹೊಸ್ತಿಲಲ್ಲಿ ನಿಂತಳು. "ಏನಾತು ಬೇಟಿ?" ಎಂದು ನನ್ನ ಕಿವಿಯ ಕಡೆ ನೋಡಿದಳು.

ಅಪ್ಪ ಹೊರಗಿನವರ ಮುಂದೆ ಬಳಸುವ ಧ್ವನಿಯಲ್ಲಿ, "ಏನಿಲ್ಲ ಬಿಡ್ರಿ ಖಾಲಾ. ಈಕಿ ಮತ್ತ ಮಜ್ಜಿಗಿ ಹುಳಿ ಮಾಡ್ಯಾಳ. ನಿಮ್ಮ ಮನ್ಯಾಗ ಮಸರಿದ್ರ ಒಂದಿಷ್ಟು ಕೊಡ್ರಿ" ಎಂದ.

ಖಾಲಾ ಅವ್ವನ ಮುಖ ನೋಡಿದಳು. ಇಷ್ಟು ವರ್ಷ ಅವಳೂ ಬಾಯಿ ಬಿಟ್ಟಿರಲಿಲ್ಲ ಎಂದು ಆಗ ನನಗೆ ತಿಳಿಯಿತು. ಅವ್ವ ಎದ್ದಳು. ಒಳಗೆ ಹೋಗಿ ನೆಲುವಿನಿಂದ ಗಡಿಗೆ ಇಳಿಸಿಕೊಂಡು ಬಂದು ಅಪ್ಪನ ಮುಂದೆ ಇಟ್ಟಳು.

"ಇದು ನಾ ಹೆಪ್ಪು ಹಾಕಿದ್ದು. ಖಾಲಾಂದು ಖಾಲಾಂದು ಅಂತ ನೀವು ಉಂಡಿದ್ದೆಲ್ಲ ನಂದ. ಹುಳೀದೂ ನಂದ. ನೀವು ಕುದ್ದು ಬಂದ ದಿನ ಹುಳೀದು ಕೊಡ್ತಿದ್ನಿ, ನನ್ನ ಮಗಳಿಗಿ ಹೊಡಿಬಾರ್ದಂತ. ಇನ್ನ ಕೊಡಂಗಿಲ್ಲ."

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಗಡಿಗೆ ನೋಡಿದ, ಖಾಲಾನ ಕಡೆ ನೋಡಿದ. ಖಾಲಾ, "ಹೌದ್ರಿ. ನಾ ಎಂದೂ ಮಸರು ಕೊಟ್ಟಿಲ್ಲ. ನಮ್ಮ ಮನಿ ಹೆಪ್ಪೂ ಈಕೀದ" ಎಂದಳು. ಅಪ್ಪನ ಬಲಗೈ ಗಡಿಗೆಯ ಕಡೆ ಹೋಯಿತು, ದೂಡಲೋ ಎಸೆಯಲೋ ಅವನಿಗೇ ಗೊತ್ತು. ಮಣಿಕಟ್ಟಿನ ನೋವಿಗೆ ಕೈ ಅರ್ಧಕ್ಕೆ ನಿಂತಿತು. ಎದ್ದು ಹೊರಗೆ ಹೋದ.

ಮರುದಿನ ಅವ್ವನನ್ನು ಕರೆದುಕೊಂಡು ಗಂಗಾವತಿಗೆ ಬಂದೆ ಎಂದು ಬರೆದರೆ ಓದುವವರಿಗೆ ಸಮಾಧಾನ. ಎಷ್ಟು ಕರೆದರೂ ಅವಳು ಬರಲಿಲ್ಲ. ಅಪ್ಪನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು, ಕೊಂಡಿಯ ಕೆಲಸ ಈಗ ಆಳು ಮಾಡುತ್ತಾನೆ. ಬಾಯಿ ಹಾಗೇ ಇದೆ, ಎಡಗೈಯೂ ಇದೆ. ನಾನು ಅವ್ವನಿಗೆ ದಿನಾ ಫೋನ್ ಮಾಡುತ್ತೇನೆ, ಅವನಿಗೆ ಕೇಳುವ ಹಾಗೆ ಜೋರಾಗಿ ಮಾತಾಡುತ್ತೇನೆ. ನನ್ನ ಜಂಪರುಗಳ ಹೊಲಿಗೆಯನ್ನು ಮತ್ತೆ ಬಿಚ್ಚಿ ದೊಡ್ಡದು ಮಾಡಿದ್ದೇನೆ. ಅಂಬಲಿಯಿಂದಲೋ, ಗುಳಿಗೆ ಬಿಟ್ಟಿದ್ದರಿಂದಲೋ, ಡಾಕ್ಟರಮ್ಮನನ್ನೇ ಕೇಳಬೇಕು.

ಆದರೆ ಆ ಮಧ್ಯಾಹ್ನ ಇನ್ನೂ ಮುಗಿದಿರಲಿಲ್ಲ. ಅಪ್ಪ ಹೊರಗೆ ಹೋದ ಮೇಲೆ ಅವ್ವ ಹಿಟ್ಟಿನ ಡಬ್ಬಿಯ ಹಿಂದಿನ ಸಣ್ಣ ಗಡಿಗೆ ತಂದು, ಉಳಿದದ್ದನ್ನು ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದು, ಗಡಿಗೆಯನ್ನು ಕಲ್ಲಿಗೆ ಅಪ್ಪಳಿಸಿ ಒಡೆದಳು. ಅವಳು ಏನನ್ನಾದರೂ ಒಡೆದದ್ದನ್ನು ನಾನು ಅಂದೇ ನೋಡಿದ್ದು. ಕುಡಿದ ಹುಳಿ ಮಜ್ಜಿಗೆ ನನ್ನ ಹೊಟ್ಟೆಯಲ್ಲಿ ಸುಮ್ಮನಿತ್ತು. ಅದನ್ನು ಹೇಳಿದಾಗ ಅವ್ವ ನಂಬಲಿಲ್ಲ. ನೆಲುವಿನ ಗಡಿಗೆಯಿಂದ ಗಟ್ಟಿ ಮೊಸರು ತೆಗೆದು, ಅದೇ ನಗ್ಗಿದ ತಂಬಿಗೆಯಲ್ಲಿ ಕಡೆದು ನನ್ನ ಕೈಗೆ ಕೊಟ್ಟಳು. ಖಾಲಾ ಹೊಸ್ತಿಲಲ್ಲೇ ಕೂತಿದ್ದಳು. ಆಚೆ ಬದಿಯ ಮನೆಗಳ ಬಾಗಿಲಲ್ಲಿ ಹೆಂಗಸರು ನಿಂತು ಇತ್ತ ನೋಡುತ್ತಿದ್ದರು. ನಾನು ಕುಡಿದೆ.

"ಹುಳಿ ಐತೇನು?" ಎಂದು ಕೇಳಿದಳು ಅವ್ವ.

"ಇಲ್ಲವ್ವ. ಸಿಹಿ ಐತಿ."

"ಜೋರಾಗಿ ಹೇಳು" ಅಂದಳು. "ಓಣಿಗೆ ಕೇಳಲಿ."